ಶಿರಸ್ತೇದಾರರದ್ದಲ್ಲದ ನಾಯಿ

ಮಡಿಕೇರಿಯ ಗುಡ್ಡದ ಮೇಲಿನ ಆ ಬಡಾವಣೆಯಲ್ಲಿ ನಾಗೇಶ್ವರ ಭಟ್ಟರು ನಾಯಿ ಸಾಕಿದ್ದಾರೆಂಬುದು ಎಲ್ಲರಿಗೂ ಗೊತ್ತಿತ್ತು, ಭಟ್ಟರೊಬ್ಬರನ್ನು ಬಿಟ್ಟು. ಪೌರೋಹಿತ್ಯದ ಮನೆತನದಲ್ಲಿ ಹುಟ್ಟಿ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು ಅವರು. ಅಂಥವರ ಮನೆಯಲ್ಲಿ ನಾಯಿ ಇರುವುದು ಹೇಗೆ? ಹಾಗಾಗಿ ಜಗಲಿಯ ಬೆತ್ತದ ಕುರ್ಚಿಯ ಕೆಳಗೆ ವರ್ಷಗಳಿಂದ ಮಲಗುತ್ತಿದ್ದ ಆ ಕಂದು ಪ್ರಾಣಿ ‘ಬೀದಿಯದು’. ಸಂಜೆ ವಾಕಿಂಗ್‌ಗೆ ಅದು ಹಿಂದೆ ಬಂದರೆ, ಎದುರು ಸಿಕ್ಕವರಿಗೆ ಕೇಳುವಂತೆ ಭಟ್ಟರು “ಹಚಾ” ಎನ್ನುತ್ತಿದ್ದರು. ನಾಯಿ ಇದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ಎದುರಿನವರು ತಿರುವು ದಾಟಿದ ಮೇಲೆ ಮತ್ತೆ ಕಾಲ ಹತ್ತಿರ ಬರುತ್ತಿತ್ತು.

ಬೆಳಿಗ್ಗೆ ಮಂಜು ಬಿಡುವ ಮೊದಲು ಹಿತ್ತಲಿನಲ್ಲಿ ನಡೆಯುತ್ತಿದ್ದದ್ದೇ ಬೇರೆ. ಭಟ್ಟರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಟ್ಟೆಯ ಮೊಸರನ್ನ ಅರ್ಧ ಉಂಡು, ಉಳಿದದ್ದನ್ನು ಬಾಳೆಲೆಯ ತುಂಡಿಗೆ ಹಾಕಿ, ದನಿ ತಗ್ಗಿಸಿ “ಜವಾನಾ” ಎಂದು ಕರೆಯುತ್ತಿದ್ದರು. ಕಚೇರಿಯಲ್ಲಿ ಅವರ ಬಾಗಿಲು ಕಾಯುತ್ತಿದ್ದ ನಿಜವಾದ ಜವಾನನನ್ನು ಅವರು ಇಷ್ಟು ಮೆತ್ತಗೆ ಒಂದು ದಿನವೂ ಕರೆದವರಲ್ಲ.

ಬಡಾವಣೆಯ ಹಿತರಕ್ಷಣಾ ಸಮಿತಿಗೂ ಅವರೇ ಅಧ್ಯಕ್ಷರು. ಮಳೆಗಾಲದಲ್ಲಿ ಎಲ್ಲಿಂದಲೋ ಬಂದ ಹುಚ್ಚು ನಾಯಿಯೊಂದು ಪೇಪರ್ ಹಾಕುವವನನ್ನು ಕಚ್ಚಿದಾಗ ಸಭೆ ಸೇರಿತು, ಭಟ್ಟರು ನಗರಸಭೆಗೆ ಅರ್ಜಿ ಬರೆದರು. ಕೊರಳಿಗೆ ಬೆಲ್ಟ್ ಇಲ್ಲದ, ಮಾಲೀಕರಿಲ್ಲದ ಸಮಸ್ತ ನಾಯಿಗಳನ್ನು ಹಿಡಿದು ಸಾಗಿಸತಕ್ಕದ್ದು. ‘ತಕ್ಕದ್ದು’ ಎಂದು ಬರೆದು ಬಹಳ ಕಾಲವಾಗಿತ್ತು; ಕೈಗೆ ಹಾಯೆನಿಸಿತು.

“ಆಮೇಲೆ ಕುರ್ಚಿ ಕೆಳಗಿನದ್ದನ್ನು ಎಂತ ಮಾಡ್ತೀರಿ?” ಎಂದು ಹೆಂಡತಿ ಗೋಮತಮ್ಮ ಕೇಳಿದರು.

ಭಟ್ಟರು ನಕ್ಕರು. ಅರ್ಜಿಗಳು ಯಾವ ವೇಗದಲ್ಲಿ ಸಾಗುತ್ತವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೇ ಎಷ್ಟನ್ನೋ ಕಡತದಲ್ಲಿ ಮಲಗಿಸಿದ್ದರು.

ಕ್ರಿಸ್‌ಮಸ್ ರಜೆಗೆ ಕಾಶಿಯಾತ್ರೆ ಗೊತ್ತಾಯಿತು. ಕರೆದುಕೊಂಡು ಹೋಗುವವನು ಗೋಮತಮ್ಮನ ಅಣ್ಣನ ಮಗ ವಿಷ್ಣುಪ್ರಸಾದ್. ಶಾಲೆಯಿದ್ದಾಗ ಸಂಸ್ಕೃತದ ಮೇಷ್ಟ್ರು, ರಜೆಯಲ್ಲಿ ಯಾತ್ರಿಕರ ಪುರೋಹಿತ. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಗಂಗೆಯ ಎದುರು ತ್ಯಾಗ ಮಾಡಿ, ಮತ್ತೆ ಜೀವಮಾನದಲ್ಲಿ ಮುಟ್ಟಬಾರದು. ಭಟ್ಟರು ಹಾಗಲಕಾಯಿ ತ್ಯಾಗ ಮಾಡುವುದಾಗಿ ಬಡಾವಣೆಗೆಲ್ಲ ತಿಳಿಸಿದರು. ಮದುವೆಯಾದಾಗಿನಿಂದ ಅವರು ಹಾಗಲಕಾಯಿ ತಿಂದದ್ದನ್ನು ಗೋಮತಮ್ಮ ನೋಡಿರಲಿಲ್ಲ.

ಹೊರಡುವ ಮುನ್ನಾದಿನ ಪಕ್ಕದ ಮನೆಯ ಪದ್ಮಯ್ಯನನ್ನು ಕರೆಸಿದರು. ಪದ್ಮಯ್ಯನದು ಕೆಳಗೆ ಸ್ವಲ್ಪ ಕಾಫಿ ತೋಟ. ಕುಯ್ಲಿನ ಕಾಲ, ಅವನಿಗೂ ಪುರುಸೊತ್ತಿರಲಿಲ್ಲ. ಆದರೂ ನಿಂತು ಕೇಳಿಸಿಕೊಂಡ. ತುಳಸಿಗೆ ನೀರು ಹೀಗೆ, ಹಾಲಿನವನಿಗೆ ಹೇಳುವುದು ಹೀಗೆ, ಗೇಟಿನ ಬೀಗ ಎರಡು ಸಲ ತಿರುಗಿಸಬೇಕು. ಜಿಲ್ಲೆಯ ಉಸ್ತುವಾರಿ ವಹಿಸಿಕೊಡುವವರ ಗತ್ತು ಭಟ್ಟರದು. ಎಲ್ಲ ಮುಗಿದ ಮೇಲೆ ಪದ್ಮಯ್ಯ ಕುರ್ಚಿಯ ಕೆಳಗೆ ಕೈ ತೋರಿಸಿದ.

“ಮತ್ತೆ ಇದು, ಸಾರ್?”

“ಯಾವುದು?”

“ನಾಯಿ.”

ಅಲ್ಲೇ ಕೂತಿದ್ದ ವಿಷ್ಣುಪ್ರಸಾದ್ ಪಂಚೆ ಎತ್ತಿ ಕಾಲು ಮಡಿಚಿಕೊಂಡ. ಭಟ್ಟರು ಅವನ ಕಡೆ ನೋಡಿ, “ಅದು ಬೀದಿಯದಲ್ವಾ ಪದ್ಮಯ್ಯ. ಬರ್ತದೆ, ಹೋಗ್ತದೆ” ಎಂದರು.

ಪದ್ಮಯ್ಯ ಜಗ್ಗಲಿಲ್ಲ. ಅನ್ನದ ವಿಷಯ ಹೆಂಗಸರು ಮಾತಾಡಿಕೊಂಡಾಗಿದೆ, ಅದಕ್ಕೆ ತೊಂದರೆ ಇಲ್ಲ. ಆದರೆ ನಾಯಿ ಹಿಡಿಯುವವರು ಕೆಳಗಿನ ರಸ್ತೆಯವರೆಗೆ ಬಂದಿದ್ದಾರಂತೆ. ಬೆಲ್ಟ್ ಹಾಕಿ ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳಬಹುದು. ನಾಳೆ ಯಾರಿಗಾದರೂ ಬಾಯಿ ಹಾಕಿದರೆ ಉತ್ತರ ಹೇಳುವವರೊಬ್ಬರು ಬೇಕಲ್ಲ, ಅಷ್ಟಕ್ಕೆ ‘ನಮ್ಮದು’ ಅಂತ ಸಾರ್ ಒಂದು ಮಾತು ಹೇಳಿದರೆ ಸಾಕು.

ಬಂಧುವಿನ ಎದುರು, ಅದೂ ಕಾಶಿಗೆ ಹೊರಟಿರುವಾಗ, ಅಧ್ಯಕ್ಷರು ತಮ್ಮದೇ ಅರ್ಜಿಯ ವಿರುದ್ಧ ಸಾಕ್ಷಿ ಹೇಳುವುದೆ? “ಬಂದ ಮೇಲೆ ನೋಡೋಣ” ಎಂದರು. ಇಡೀ ಸರ್ವಿಸಿನಲ್ಲಿ ಅವರು ಅತಿ ಹೆಚ್ಚು ಸಲ ಆಡಿದ ಮಾತು ಅದು.

“ಆ ಒಂದು ಮಾತು ಆಡಿದ್ದರೆ ನಿಮ್ಮ ಜನಿವಾರ ಕಿತ್ತು ಹೋಗ್ತಿತ್ತಾ?” ಎಂದು ರೈಲಿನಲ್ಲಿ ಗೋಮತಮ್ಮ ಕೇಳಿದರು. ಭಟ್ಟರು ಕಿಟಕಿಯಾಚೆ ನೋಡುತ್ತಿದ್ದರು. ಮಾರನೆಯ ಬೆಳಿಗ್ಗೆ ತಟ್ಟೆಯಲ್ಲಿ ಅರ್ಧ ಊಟ ಉಳಿಸಿ, ಸುತ್ತ ನೋಡಿ, ಮತ್ತೆ ತಾವೇ ತಿಂದರು.

ಫೋನ್ ಬಂದದ್ದು ಕಾಶಿಯಲ್ಲಿ, ದೋಣಿಯಲ್ಲಿದ್ದಾಗ. ಯಾತ್ರೆಯ ತಂಡದವರು ಹುರಿದ ಕಡಲೆ ತಿನ್ನುತ್ತಿದ್ದರು. ಊರಿನ ಆಡಳಿತ ಹೇಗಿರಬೇಕು ಎಂದು ಭಟ್ಟರು ಅವರಿಗೆ ವಿವರಿಸುತ್ತಿದ್ದರು, ಗಂಗೆಯ ಕಡೆ ಬೆನ್ನು ಹಾಕಿ.

“ಸಾರ್, ಅವರು ಬಂದಿದ್ದಾರೆ” ಎಂದ ಪದ್ಮಯ್ಯ. “ನಿಮ್ಮ ಜಗಲಿ ಮೇಲಿದ್ದಾರೆ. ಇದಕ್ಕೆ ಯಾರಾದರೂ ಇದ್ದಾರಾ ಅಂತ ಕೇಳ್ತಾರೆ. ಎಂತ ಹೇಳ್ಲಿ?”

ಕಡಲೆ ತಿನ್ನುವವರೆಲ್ಲ ಭಟ್ಟರ ಕಡೆ ತಿರುಗಿದರು. “ಊರಿಂದಲಾ ಮಾವ?” ಎಂದು ವಿಷ್ಣುಪ್ರಸಾದ್ ಹತ್ತಿರ ಸರಿದ.

“ಪೂಜೆಯಲ್ಲಿದ್ದೇನೆ ಪದ್ಮಯ್ಯ” ಎಂದರು ಭಟ್ಟರು. “ಆಮೇಲೆ ಮಾಡ್ತೇನೆ. ಅಲ್ಲಿವರೆಗೆ ಕಾಯಲಿಕ್ಕೆ ಹೇಳು.”

ಶಿರಸ್ತೇದಾರರು ಕಾಯಲು ಹೇಳಿದರೆ ಜನ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು, ಮುಂದಿನ ವಾರ ಮತ್ತೆ ಬರುತ್ತಿದ್ದರು. ಆ ಧೈರ್ಯದಲ್ಲಿ ಅವರು ಫೋನ್ ಜೇಬಿಗಿಟ್ಟರು. ಆದರೂ ಗಂಟೆ ಕಳೆದು ದೋಣಿ ದಡ ಮುಟ್ಟಿದ್ದೇ ಎಲ್ಲರಿಗಿಂತ ಮೊದಲು ಇಳಿದು, ಮೆಟ್ಟಿಲ ಮರೆಗೆ ಹೋಗಿ, ತಾವೇ ಕರೆ ಮಾಡಿದರು.

“ನಮ್ಮದು ಅಂತ ಹೇಳು ಪದ್ಮಯ್ಯ. ಬೆಲ್ಟ್ ಹಾಕಿಬಿಡು.”

“ಹೋಯ್ತು, ಸಾರ್.”

ಬೀದಿಯ ಉಳಿದ ನಾಯಿಗಳು ಕೋಲು ಕಂಡದ್ದೇ ಕಾಫಿ ತೋಟಕ್ಕೆ ಓಡಿದವಂತೆ. ಇದಕ್ಕೆ ಬೀದಿಯ ಬುದ್ಧಿ ಇರಲಿಲ್ಲ. ಮನೆಯಲ್ಲಿದ್ದೇನೆ ಎಂದುಕೊಂಡು ಕುರ್ಚಿಯ ಕೆಳಗೆ ಇನ್ನೂ ಒಳಕ್ಕೆ ಸರಿಯಿತು. ತಂತಿಯ ಕುಣಿಕೆ ಕೊರಳಿಗೆ ಬಿತ್ತು. ತಂತಿ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು. ಪದ್ಮಯ್ಯ ಬೊಬ್ಬೆ ಹೊಡೆದು ಕುರ್ಚಿ ಉರುಳಿಸಿದ, ಅಷ್ಟರಲ್ಲಿ ಆಗಿತ್ತು. ಬೇಲಿಯ ಪಕ್ಕ ತಾನೇ ಗುಂಡಿ ತೋಡಿ ಮಣ್ಣು ಮಾಡಿದನಂತೆ.

“ಅವರು ಸ್ವಲ್ಪ ಹೊತ್ತು ಕಾದರು, ಸಾರ್” ಎಂದ ಕೊನೆಗೆ. “ಸುಳ್ಳು ಹೇಳಬಾರದು.”

ಭಟ್ಟರು ಮೆಟ್ಟಿಲ ಮೇಲೆ ಕೂತರು. ಗೋಮತಮ್ಮ ಬಂದು ಮುಖ ನೋಡಿ, ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ವಿಷ್ಣುಪ್ರಸಾದ್ ದರ್ಭೆ ಹಿಡಿದು ಹುಡುಕಿಕೊಂಡು ಬಂದ. ನೀರಿಗಿಳಿಸಿ, ಕೈಗೆ ಗಂಗೆಯ ನೀರು ಬಿಟ್ಟು, “ಹಾಗಲಕಾಯಿ ಅಲ್ವಾ ಮಾವ?” ಎಂದ.

“ಮೊಸರನ್ನ” ಎಂದರು ಭಟ್ಟರು.

ವಿಷ್ಣುಪ್ರಸಾದ್ ಬೆರಗಾದ. ಮೊಸರನ್ನ ತ್ಯಾಗ ಮಾಡುವುದೆಂದರೆ ಸಾಮಾನ್ಯವೇ, ಇದು ಹಿರಿಯರ ವೈರಾಗ್ಯ ಎಂದು ತಂಡದವರಿಗೆಲ್ಲ ಹೇಳಿದ. ಗೋಮತಮ್ಮ ತಲೆ ತಗ್ಗಿಸಿಕೊಂಡಿದ್ದರು.

ಊರಿಗೆ ಬಂದ ಮೇಲೆ ಗಂಗಾ ಸಮಾರಾಧನೆಯ ಊಟವಾಯಿತು. ಕಾಲು ಸೀಳಿದ್ದ ಬೆತ್ತದ ಕುರ್ಚಿಯನ್ನು ಪದ್ಮಯ್ಯ ಹಗ್ಗ ಸುತ್ತಿ ಮತ್ತೆ ಜಗಲಿಯಲ್ಲೇ ಇಟ್ಟಿದ್ದ. ಯಾರೂ ಅದರ ಮೇಲೆ ಕೂರದಂತೆ ಭಟ್ಟರು ನೋಡಿಕೊಂಡರು. ಸಮಿತಿಯವರು ಒಬ್ಬೊಬ್ಬರಾಗಿ ಬಂದು ಕೈ ಮುಗಿದರು. ನಮ್ಮ ಅಧ್ಯಕ್ಷರ ಅರ್ಜಿಯೆಂದರೆ ಅರ್ಜಿ, ಈಗ ರಸ್ತೆಯಲ್ಲಿ ಒಂದು ನಾಯಿ ಕಾಣಲಿ ನೋಡೋಣ ಎಂದರು. ಭಟ್ಟರು ಪ್ರತಿಯೊಬ್ಬರಿಗೂ ತಲೆಯಾಡಿಸಿದರು.

ಪಂಕ್ತಿಯ ಕೊನೆಗೆ ಮೊಸರನ್ನ ಬಂತು. ಭಟ್ಟರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಇದಕ್ಕೇ ಕಾದಿದ್ದ ವಿಷ್ಣುಪ್ರಸಾದ್, ಮಾವ ಎಂಥ ತ್ಯಾಗ ಮಾಡಿದ್ದಾರೆಂದು ಎಲ್ಲರಿಗೂ ಕೇಳುವಂತೆ ಹೇಳಿ, “ಇಷ್ಟು ಕಷ್ಟದ್ದು ಹೇಗೆ ಹೊಳೆಯಿತು ಮಾವ?” ಎಂದು ಕೇಳಿದ.

“ದಿನಾ ನಮ್ಮ ನಾಯಿ ಜೊತೆ ಉಣ್ತಿದ್ದೆ” ಎಂದರು ಭಟ್ಟರು.

“ಯಾವ ನಾಯಿ?”

“ನಮ್ಮದು. ಜವಾನ ಅಂತ.”

ಅಂಗಳದ ಚಪ್ಪರದಲ್ಲಿ ಕೂತಿದ್ದ ಪದ್ಮಯ್ಯ ಉಣ್ಣುವುದನ್ನು ನಿಲ್ಲಿಸಿದ. ಸಮಿತಿಯವರು ತಮ್ಮ ತಮ್ಮ ಎಲೆ ನೋಡಿಕೊಂಡರು. ಪಂಕ್ತಿ ಮುಗಿಯದೆ ಏಳುವಂತಿಲ್ಲ, ಯಾರೂ ಏಳಲಿಲ್ಲ. ಮೊಸರನ್ನದ ಪಾತ್ರೆ ಹಿಡಿದವನು ಸ್ವಲ್ಪ ಹೊತ್ತು ನಿಂತಿದ್ದು, ಮುಂದಿನ ಎಲೆಗೆ ಹೋದ.