ಇಚ್ಚನ ಅಂಗಡಿಯಲ್ಲಿದ್ದ ಇನ್ನೊಂದು ವಿಕಿ

ಕಳೆದ ವಾರ ನಮ್ಮ ಶಾಲೆಯ ಲ್ಯಾಬಿನಲ್ಲಿ ಹಳೆಯ ಕಂಪ್ಯೂಟರೊಂದರ ಮುಚ್ಚಳ ತೆಗೆದಾಗ ಬಿಸಿ ಧೂಳಿನ ವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತೆ. ಅದಕ್ಕೆ ಒಂಚೂರು ಅತ್ತರಿನ ಪರಿಮಳ ಸೇರಿದ್ದರೆ ಮುಳ್ಳೇರಿಯ ಪೇಟೆಯ ಆ ಕಂಪ್ಯೂಟರ್ ಅಂಗಡಿಯೇ...

ಅಂಗಡಿಯವರನ್ನು ಎಲ್ಲರೂ ಇಚ್ಚ ಎನ್ನುತ್ತಿದ್ದರು, ಬ್ಯಾರಿ ಮನೆಗಳಲ್ಲಿ ಅಣ್ಣನನ್ನು ಕರೆಯುವ ಹಾಗೆ. ನಾನೂ ಹಾಗೆಯೇ ಕರೆದೆ. ಗಲ್ಫಿನ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು, ತಾಯಿಗೆ, ಅವರ ಮಾತಿನಲ್ಲಿ ಉಮ್ಮನಿಗೆ, ವಯಸ್ಸಾಯಿತೆಂದು ಊರಿಗೆ ಮರಳಿದ್ದರು.

ಆಗ ನಾವು ಕೆಲವು ಕನ್ನಡ ಅಧ್ಯಾಪಕರು ಸೇರಿ ಒಂದು ವಿಕಿ ಶುರು ಮಾಡಿದ್ದೆವು. ನಮ್ಮ ಕಡೆಯ ಮನೆಗಳಲ್ಲಿ ಆಡುವ ತುಳು, ಬ್ಯಾರಿ, ಹವ್ಯಕ, ಮರಾಟಿ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಅರ್ಥಸಹಿತ ಬರೆದಿಡುವ ತಾಣ ಅದು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಒಮ್ಮೆ ಪುಟಗಳ ರೂಪ ಬದಲಿಸಲು ಹೋದಾಗ ತಾಣವೇ ನಿಂತುಬಿಟ್ಟಿತು. ಇಚ್ಚ ಸಂಜೆಯವರೆಗೆ ಕೂತು ಸರಿಮಾಡಿದರು. ಆಮೇಲೆ ನಕ್ಕರು.

“ಓಡುವ ಬಸ್ಸಿನ ಅಡಿಗೆ ಮಲಗಿ ಯಾರಾದ್ರೂ ರಿಪೇರಿ ಮಾಡ್ತಾರಾ ಟೀಚರೇ? ಅಂಥದ್ದೇ ಇನ್ನೊಂದು ನನ್ನ ಅಂಗಡಿಯಲ್ಲಿ ಮಾಡುವ. ಎಂತ ಬೇಕಾದ್ರೂ ಅದರಲ್ಲಿ ಮಾಡಿ ನೋಡಿ.”

ಮರುದಿನ ಶಾಲೆ ಬಿಟ್ಟದ್ದೇ ಅಂಗಡಿಗೆ ಓಡಿದೆ. ಇಡೀ ವಿಕಿಯ ಡೇಟಾಬೇಸ್ ಒಂದೇ ಫೈಲಾಗಿ ದೂರದ ಸರ್ವರಿನಿಂದ ಇಳಿಯುತ್ತಿತ್ತು. ನೆಟ್ ಆಮೆಯ ಹಾಗೆ. ನಡುವೆ ಕರೆಂಟು ಹೋಗಿ ಮೊದಲಿನಿಂದ ಶುರು. ಕೊನೆಗೂ ಇಳಿಯಿತು, ಇಚ್ಚ ಅದನ್ನು ತಮ್ಮ ಕಂಪ್ಯೂಟರಿಗೆ ತುಂಬಿದರು, ಪುಟ ತೆರೆಯಿತು... ಅಕ್ಷರವಿರಬೇಕಾದ ಕಡೆಯಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು! ನನಗೆ ಅಳುವೇ ಬಂತು.

“ಹೆದರಬೇಡಿ ಮಾರಾಯ್ರೆ, ಅಲ್ಲಿರುವುದು ಸರಿಯಾಗಿಯೇ ಉಂಟು. ತರುವ ದಾರಿಯಲ್ಲಿ ಕನ್ನಡ ಉದುರಿಹೋಗಿದೆ. ಪುನಃ ತರುವ.”

ಈ ಸಲ ಕನ್ನಡ ಅಕ್ಷರಗಳ ಎನ್‌ಕೋಡಿಂಗ್ ಸರಿಪಡಿಸಿ ನಕಲು ತೆಗೆದರು. ಚಿತ್ರಗಳ ಫೋಲ್ಡರನ್ನು ಬೇರೆಯೇ ತಂದು ಸೇರಿಸಿದರು. ಮತ್ತೆ ಪುಟ ತೆರೆದಾಗ ‘ಹಲಸು’ ಎಂಬ ಪದ ದುಂಡಗೆ ಎದುರಿಗೆ ಬಂತು. ನಾನು ಕಿರುಚಿದ ಸದ್ದಿಗೆ ಪಕ್ಕದ ಹೋಟೆಲಿನವರು ಚಾ ಲೋಟ ಹಿಡಿದೇ ಓಡಿ ಬಂದರು!

ಅಂದಿನಿಂದ ನಮಗೆ ಹಬ್ಬ. ಅಂಗಡಿಯ ವಿಕಿಯಲ್ಲಿ ಎಷ್ಟು ಕೆಡಿಸಿದರೂ ಕೇಳುವವರಿಲ್ಲ. ಅಲ್ಲಿ ಗೆದ್ದದ್ದನ್ನು ಮಾತ್ರ ಹೊರಗಿನ ತಾಣಕ್ಕೆ ಹಾಕುತ್ತಿದ್ದೆವು.

ಆದರೆ ಇಚ್ಚ ತಾವಾಗಿ ಒಂದು ಪದವನ್ನೂ ಬರೆದಿರಲಿಲ್ಲ. “ನಮ್ಮ ಬ್ಯಾರಿ ಮಾತು ಅಡುಗೆಮನೆಯದ್ದು ಟೀಚರೇ, ಅದನ್ನೆಲ್ಲ ಲೋಕಕ್ಕೆ ತೋರಿಸುವುದು ಎಂತದಕ್ಕೆ?” ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಹೋದಾಗ ಅವರ ಉಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಲ್ತಪ್ಪವೆಂಬ ಅಕ್ಕಿಯ ತಿಂಡಿ ಬೇಯಿಸುವ ಬಗೆ ಹೇಳುತ್ತಿದ್ದರು. ಮೇಲೊಂದಿಷ್ಟು ಕೆಂಡ, ಕೆಳಗೊಂದಿಷ್ಟು ಕೆಂಡ, ಕಮ್ಮನೆ ಹುರಿದ ಈರುಳ್ಳಿ... ಮಗ ಒಂದೊಂದು ಮಾತನ್ನೂ ಟೈಪು ಮಾಡುತ್ತಿದ್ದರು. ನನ್ನನ್ನು ಕಂಡು ನಾಚಿದರು.

“ಇದು ಇಲ್ಲಿ ಮಾತ್ರ ಇರ್ಲಿ. ಹೊರಗೆ ಹಾಕುವುದು ಬೇಡ.”

ಹೊರಗಿನ ತಾಣದಿಂದ ಹೊಸ ನಕಲು ತಂದಾಗಲೆಲ್ಲ ಅಂಗಡಿಯಲ್ಲಿ ಬರೆದದ್ದು ಅಳಿಸಿಹೋಗುತ್ತಿತ್ತು. ಅದಕ್ಕೆ ಇಚ್ಚ ಪ್ರತಿ ಸಲವೂ ಉಮ್ಮನ ಪುಟಗಳನ್ನು ಬೇರೆ ತೆಗೆದಿಟ್ಟು ಮತ್ತೆ ಸೇರಿಸುತ್ತಿದ್ದರು. ಪುಟಗಳು ಬೆಳೆಯುತ್ತಲೇ ಹೋದವು. ಒಂದು ಮಳೆಗಾಲದಲ್ಲಿ ಉಮ್ಮ ತೀರಿಕೊಂಡರು. ಆಮೇಲೂ ಇಚ್ಚ ಆ ಪುಟಗಳನ್ನು ಕಾಯ್ದರು.

ಆ ವರ್ಷವೇ ನಮ್ಮ ಸರ್ವರ್ ಕೆಟ್ಟಿತು. ತಾಣ ನಡೆಸುತ್ತಿದ್ದವರ ಬಳಿ ಬ್ಯಾಕಪ್ ಇರಲಿಲ್ಲ. ನಾವೆಲ್ಲ ಸಂಗ್ರಹಿಸಿದ್ದು ಒಂದು ಬೆಳಗ್ಗೆ ಇಲ್ಲವೇ ಇಲ್ಲ. ಅಧ್ಯಾಪಕರು ಒಬ್ಬರಿಗೊಬ್ಬರು ಫೋನು ಮಾಡಿ ಕಂಗೆಟ್ಟು ಕೂತಿದ್ದಾಗ ಇಚ್ಚನ ಕರೆ ಬಂತು. “ಎಂತ ಮಂಡೆಬಿಸಿ? ಇನ್ನೊಂದು ಬಸ್ಸು ನನ್ನ ಹತ್ರ ಉಂಟಲ್ಲ!”

ಅಂಗಡಿಯ ನಕಲು ಹೊಸ ಸರ್ವರಿಗೆ ಏರಿತು. ಎಲ್ಲೋ ಕೊನೆಯ ಕೆಲವು ತಿದ್ದುಪಡಿಗಳನ್ನು ಬಿಟ್ಟರೆ ವಿಕಿ ಹಾಗೆಯೇ ಎದ್ದು ನಿಂತಿತು! ನಾವು ಚಪ್ಪಾಳೆ ಹೊಡೆದೆವು, ಹೋಟೆಲಿನಿಂದ ಗೋಳಿಬಜೆ ತರಿಸಿದೆವು. ಆ ಗಲಾಟೆಯ ನಡುವೆ ಇಚ್ಚ ಥಟ್ಟನೆ ಎದ್ದರು.

“ಅಯ್ಯೋ ಟೀಚರೇ, ಉಮ್ಮನ ಪುಟವೂ ಹೊರಗೆ ಹೋಯ್ತಲ್ಲ!”

ಹೌದು, ಅವೂ ಜೊತೆಗೇ ಹೋಗಿದ್ದವು. ತೆಗೆಯಬೇಕೆಂದು ಇಚ್ಚ ಹೊರಟರು, ಒಂದು ದಿನ ಇರಲಿ ಎಂದು ನಾವು ತಡೆದೆವು. ಮರುದಿನ ಕಲ್ತಪ್ಪದ ಪುಟದ ಕೆಳಗೆ ಕುವೈತಿನಿಂದ ಯಾರೋ ಬರೆದಿದ್ದರು: “ನನ್ನ ಅಜ್ಜಿ ಹೀಗೆಯೇ ಹೇಳುತ್ತಿದ್ದಳು. ಓದುತ್ತಾ ಅವಳ ಸ್ವರವೇ ಕೇಳಿತು. ಇನ್ನೂ ಬರೆಯಿರಿ.” ಇಚ್ಚ ಅದನ್ನು ಓದಿದರು, ಕನ್ನಡಕ ಒರೆಸಿದರು, ಮತ್ತೆ ಓದಿದರು. ಆಮೇಲೆ ಕೀಬೋರ್ಡನ್ನು ಹತ್ತಿರಕ್ಕೆಳೆದುಕೊಂಡು ಎಲ್ಲರೆದುರೇ ಮುಂದಿನ ಪದ ಟೈಪು ಮಾಡತೊಡಗಿದರು.

ಇಚ್ಚ ಈಗಿಲ್ಲ. ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ವಿಕಿ ಮಾತ್ರ ಬೆಳೆಯುತ್ತಿದೆ, ಅದರ ನಕಲು ತೆಗೆಯಲು ನಾನೂ ಕಲಿತಿದ್ದೇನೆ. ಬ್ಯಾರಿ ಪುಟಗಳನ್ನು ಬರೆದವರು ಯಾರೆಂದು ಹೊಸ ಅಧ್ಯಾಪಕರು ಕೇಳುವುದುಂಟು. ಪುಟದ ಇತಿಹಾಸದಲ್ಲಿ ಇಚ್ಚನ ಹೆಸರಿಲ್ಲ, ಅಂಗಡಿಯ ವಿಕಿಯಲ್ಲಿ ಅವರು ಬಳಸುತ್ತಿದ್ದ ‘ಪರೀಕ್ಷೆ’ ಎಂಬ ಖಾತೆಯ ಹೆಸರಷ್ಟೇ ಇದೆ. ಆಗ ಕುರ್ಚಿ ಎಳೆದು ಅವರನ್ನು ಕೂರಿಸುತ್ತೇನೆ, ಹೇಳಲು ಶುರು ಮಾಡುತ್ತೇನೆ...