ದೀಪಕ್ಕೆ ಹಳದಿ, ಹಗಲಿಗೆ ಬಿಳಿ

ನಮ್ಮ ಮಾವ ಅಂದು ಕುಡಿದಿರಲಿಲ್ಲ. ದೇವಿಯ ಮೇಲೆ ಮುನಿಸಿಕೊಂಡಿರಲಿಲ್ಲ. ನನ್ನ ನೆರಳು ಬಿದ್ದು ಬಣ್ಣ ಕೆಟ್ಟಿರಲಿಲ್ಲ. ಅವರ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ ಬಂದಿತ್ತು. ಆದದ್ದು ಇಷ್ಟೇ. ದೇವದುರ್ಗದ ಕಡೆ ಯಾರಾದರೂ ಬೇರೆ ಕತೆ ಹೇಳಿದರೆ ನಂಬಬೇಡಿ.

ಅವರ ಬಲಗೈಯ ಉಗುರುಗಳು ಒಂದೊಂದೂ ಒಂದೊಂದು ಬಣ್ಣ. ಹೆಬ್ಬೆರಳಿನದು ಕಾಡಿಗೆ ಕಪ್ಪು, ತೋರುಬೆರಳಿನದು ಕೆಂಪು, ಉಂಗುರದ ಬೆರಳಿನದು ಹಳದಿ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಆ ಬೆರಳುಗಳು ರೊಟ್ಟಿ ಮುರಿಯುವುದನ್ನು ನೋಡಿದರೆ ನನಗೆ ಮೊದಮೊದಲು ಹೇಸಿಗೆಯಾಗುತ್ತಿತ್ತು. ಮಾನ್ವಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಮಾವನಲ್ಲಿ ನೋಡಿದ್ದು ಆ ಕೈಯನ್ನು ಮಾತ್ರ. ಸೆರಗು ಮೂಗಿನ ತನಕ ಇರುತ್ತಿತ್ತು. ಸೊಸೆಯಾದವಳು ಮಾವನ ಮುಖ ನೋಡಬಾರದು, ನೇರ ಮಾತಾಡಬಾರದು. ಅತ್ತೆ ಇದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು. ಅತ್ತೆ ಇಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳಬೇಕು. "ಕಂಬಾ, ಊಟಕ್ಕ ಹೊತ್ತಾತು ಅಂತ ಹೇಳು." ಮಾವನೂ ಕಂಬಕ್ಕೇ ಉತ್ತರ ಕೊಡುತ್ತಿದ್ದರು. "ಹಸಿವಿಲ್ಲ ಅಂತ ಹೇಳಪಾ ಕಂಬಾ."

ಅವರು ಮರ ಕೆತ್ತುವವರು, ಕೆತ್ತಿದ್ದಕ್ಕೆ ಬಣ್ಣ ಹಚ್ಚುವವರು. ತೊಟ್ಟಿಲು, ಬಾಗಿಲ ಮೇಲಿನ ಗಿಳಿ, ಮದುವೆಯ ಮಣೆ, ಎಲ್ಲವೂ ಮಾಡುತ್ತಿದ್ದರು. ಆದರೆ ಮನೆತನದ ಹೆಸರು ಇದ್ದದ್ದು ಊರದೇವಿಯರಿಂದ. ಸುತ್ತಲಿನ ಹಳ್ಳಿಗಳ ಮರದ ದೇವಿಯರು ಬಣ್ಣ ಮಾಸಿದಾಗ ನಮ್ಮ ಮನೆಗೇ ಬರಬೇಕು. ಬೇರೆಯವರ ಕೈ ತಾಕುವಂತಿರಲಿಲ್ಲ.

ನಾನು ಎರಡನೇ ಜಮಾತಿಗೆ ಶಾಲೆ ಬಿಟ್ಟವಳು. ಈಗ ಮೊಮ್ಮಗಳು ರಾಯಚೂರಿನಲ್ಲಿ ಚಿತ್ರ ಕಲಿಯುತ್ತಾಳೆ. ಹಸಿರು ಮುಖ, ನೇರಳೆ ಕಲ್ಲು ಬರೆಯುತ್ತಾಳೆ. "ನೆರಳಿಗೂ ಬಣ್ಣ ಇರ್ತದ ಅಜ್ಜಿ, ನಮ್ಮ ಸರ್ ಹೇಳ್ಯಾರ" ಅನ್ನುತ್ತಾಳೆ. ನನಗೆ ಅದನ್ನು ಹೇಳಿಕೊಟ್ಟವರು ಮಾವ. ಹಿತ್ತಲಿನ ಬೇವಿನ ಕೆಳಗೆ ಅವರ ಧೋತರ ಒಣಹಾಕುತ್ತಿದ್ದೆ. ಅವರು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಕೇಳಿದರು.

"ಕಂಬಾ, ಆ ಧೋತರ ಏನ್ ಬಣ್ಣ ಅದ ಅಂತ ಕೇಳು."

"ಬಿಳಿ ಅದ ಅಂತ ಹೇಳು ಕಂಬಾ."

"ಆಕಿ ತನಗ ಗೊತ್ತಿದ್ದದ್ದು ಹೇಳಾಕತ್ತಾಳ, ಕಂಡದ್ದಲ್ಲ. ಬಾಯಿ ಮುಚ್ಚಿಕೊಂಡು ನೋಡು ಅನ್ನು."

ಸಿಟ್ಟು ಬಂತು. ಆದರೂ ನೋಡಿದೆ. ನೆರಳು ಬಿದ್ದಲ್ಲಿ ಧೋತರ ಪಾರಿವಾಳದ ಬೆನ್ನಿನ ಹಾಗೆ ನೀಲಿ. ಮಣ್ಣಿನ ಗೋಡೆಯ ಮಗ್ಗುಲಲ್ಲಿ ಕೆಂಪು ಕೆಂಪು. ಬಿಸಿಲು ತಾಗಿದ ಅಂಚು ಮಾತ್ರ ಬಿಳಿ. "ಅಯ್ಯ, ನೀಲಿ ಅದ!" ಅಂದುಬಿಟ್ಟೆ. ಕಂಬ ಮರೆತೇ ಹೋಗಿತ್ತು. ಮಾವ ಕೆಮ್ಮುವವರೆಗೂ ನಕ್ಕರು. "ಬಣ್ಣ ಡಬ್ಬ್ಯಾಗ ಇರಂಗಿಲ್ಲ, ಬೆಳಕಿನ್ಯಾಗ ಇರ್ತದ" ಅಂದರು. ಆಮೇಲೆ ಅದೇ ಒಂದು ಆಟವಾಯಿತು. ಕಲ್ಲು, ಕೋಳಿ, ನೀರು ತುಂಬಿದ ಹಿತ್ತಾಳೆ ಕೊಡ, ಏನು ಕಂಡರೂ ಕೇಳುತ್ತಿದ್ದರು. ಅತ್ತೆ ಬೈಯುತ್ತಿದ್ದಳು. "ಮಾವ ಸೊಸಿ ಕೂಡಿ ಆ ಕಂಬಕ್ಕ ಹುಚ್ಚು ಹಿಡಸ್ತೀರಿ."

ಅದು ಎರಡನೇ ಮಹಾಯುದ್ಧದ ಕಾಲ. ರಾಯಚೂರ ಬಜಾರದಲ್ಲಿ ಪರದೇಶದ ಬಣ್ಣ ಸಿಗುವುದು ನಿಂತಿತ್ತು. ಮಾವ ಹಳೆಯ ರೀತಿಯಲ್ಲಿ ತಾವೇ ಅರೆದು ಬಣ್ಣ ಮಾಡತೊಡಗಿದರು. ಆಗಲೇ ನನಗೆ ಅನುಮಾನ ಬಂದದ್ದು. ಸುಣ್ಣ ತಂದವನಿಗೆ ಒಂದು ದಿನ ಹಿಗ್ಗಾಮುಗ್ಗಾ ಬೈದರು. "ಮಣ್ಣ ಕಲಸಿ ತಂದೀಯಲ್ಲೋ, ಹಳದಿ ಹೊಡ್ಯಾಕತ್ತದ!" ಸುಣ್ಣ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಅವನು ನನ್ನ ಕಡೆ ನೋಡಿದ, ನಾನು ಸೆರಗು ಇನ್ನೂ ಕೆಳಗೆ ಎಳೆದುಕೊಂಡೆ.

ನನ್ನ ಗಂಡ ರಾಯಚೂರಿನ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ. ಅವನೇ ಅವರನ್ನು ಅಲ್ಲಿ ದವಾಖಾನೆಗೆ ಕರೆದೊಯ್ದ. ಪೊರೆ ಕೊಯ್ಯಬೇಕು ಅಂದರು ಡಾಕ್ಟರರು. ಮಾವ ಅವತ್ತೇ ತಿರುಗಿ ಬಂದರು. "ಕಣ್ಣಿಗೆ ಚಾಕು ಹಾಕಿಸಿಕೊಂಡವಗ ಯಾವ ಊರವರು ದೇವಿ ಕೊಡ್ತಾರ?" ಕೇಳಿದವರಿಗೆ ಹಲ್ಲುನೋವು ಅಂತ ಹೇಳಬೇಕೆಂದು ಅತ್ತೆ ಅಪ್ಪಣೆ ಮಾಡಿದಳು. ಹಾಗೇ ಹೇಳಿದೆವು. ಕಣ್ಣು ಹೋಗುವುದು ಕಳ್ಳತನ ಮಾಡಿದ ಹಾಗೆ ಮುಚ್ಚಿಡುವ ಸಂಗತಿಯಾಗಿತ್ತು ನಮ್ಮ ಮನೆಯಲ್ಲಿ.

ಆ ವರ್ಷ ನಮ್ಮೂರ ದೇವಿ, ಊರ ಅವ್ವನೇ ಬಣ್ಣಕ್ಕೆ ಬಂದಳು. ಅವಳು ಬಣ್ಣ ಹಚ್ಚಿಸಿಕೊಂಡು ಗುಡಿಗೆ ಮರಳುವ ತನಕ ಊರಲ್ಲಿ ಮದುವೆ ಇಲ್ಲ, ತೊಟ್ಟಿಲು ಕಟ್ಟುವುದಿಲ್ಲ. ಒಳಕೋಣೆಯ ಬಾಗಿಲು ಹಾಕಿ ದೀಪದ ಬೆಳಕಿನಲ್ಲಿ ಮಾವ ಒಬ್ಬರೇ ಕೆಲಸ ಮಾಡಬೇಕು. ಮೊದಲು ಸೀರೆ, ಒಡವೆ, ಕೈ. ಆಮೇಲೆ ಮುಖ. ಕಣ್ಣಿನ ಬೊಂಬೆ, ಅಂದರೆ ನಡುವಿನ ಕಪ್ಪು ಚುಕ್ಕೆ, ಇಡುವುದು ಹೊರಡುವ ಗಳಿಗೆಯಲ್ಲಿ. ಮುಖಕ್ಕೆ ಅರಿಶಿನದ ಬಣ್ಣವೇ ಆಗಬೇಕು, ಅವಳು ಮುತ್ತೈದೆ. ಅರಿಶಿನವಿಲ್ಲದ ಮುಖ ಗಂಡ ಸತ್ತವಳದು. ಊರದೇವಿ ಆ ಮುಖ ಹೊತ್ತು ಬಾಗಿಲಿಗೆ ಬಂದಳೆಂದರೆ ಯಾವ ಮನೆಯವರೂ ಸುಮ್ಮನಿರುವುದಿಲ್ಲ.

ಮುಖ ಮುಗಿದ ಸಂಜೆ ಗೌಡರು, ಹಿರಿಯರು ನೋಡಲು ಬಂದರು. ದೀಪ ಎತ್ತಿ ಹಿಡಿದರು. "ಆಹಾ, ಅರಿಷಿಣ ತುಂಬಿ ನಿಂತಾಳಲ್ಲೋ ತಾಯಿ" ಅಂದರು ಗೌಡರು. ಬಾಗಿಲ ಸಂದಿಯಿಂದ ನಾನೂ ನೋಡಿದೆ. ನನಗೂ ಹಳದಿಯಾಗಿಯೇ ಕಂಡಳು. ಎಣ್ಣೆ ದೀಪಕ್ಕೆ ಎಲ್ಲವೂ ಹಳದಿ ಅನ್ನುವುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಅವಳನ್ನು ಒಯ್ಯುವವರಿದ್ದರು. ಅತ್ತೆ ನೀರಿಗೆ ಹೋಗಿದ್ದಳು. ನಾನು ಹೊಸ್ತಿಲು ಸಾರಿಸಲು ಬಂದಾಗ ಒಳಕೋಣೆಯ ಬಾಗಿಲು ತೆರೆದಿತ್ತು, ಎಳೆಬಿಸಿಲು ನೆಟ್ಟಗೆ ಒಳಗೆ ಬಿದ್ದಿತ್ತು. ದೇವಿಯ ಮುಖ ನೋಡಿದೆ. ಸಗಣಿ ನೀರಿನ ಬೋಗುಣಿ ಹೊಸ್ತಿಲಲ್ಲೇ ಇಟ್ಟು ಒಳಗೆ ಹೋದೆ. ಬಿಳಿ. ಸುಣ್ಣ ಹೊಡೆದ ಗೋಡೆಯಷ್ಟು ಬಿಳಿ. ಅವರ ಕಣ್ಣಿಗೆ ಸುಣ್ಣವೇ ಹಳದಿಯಾಗಿ ಕಾಣುತ್ತಿದ್ದಾಗ ಅರಿಶಿನದ ಬಣ್ಣ ಎಷ್ಟು ಬೆರೆಸಿಯಾರು? ಮಾವ ದೇವಿಯ ಎದುರು ಕುಳಿತು ಕುಂಚಗಳನ್ನು ದಾರದಿಂದ ಕಟ್ಟುತ್ತಿದ್ದರು.

ಕಂಬಕ್ಕೆ ಹೇಳುವ ಹೊತ್ತಲ್ಲ ಅದು. ಸೆರಗು ಹಿಂದೆ ಸರಿಸಿದೆ.

"ಮಾವಾ, ಮುಖ ಬಿಳಿ ಅದ್ರಿ."

ಅವರ ಕೈ ನಿಂತಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಬಿಳಿ?"

"ಅರಿಷಿಣ ತೊಳದ ಮುಖ ಇದ್ದಂಗ ಅದ್ರಿ."

"ಬಾಗಲಾ ಹಾಕು."

"ಹಾಕಿದ್ರ ನನಗೂ ಕಾಣಂಗಿಲ್ರಿ."

"ಹೌದಲ್ಲ" ಅಂದರು, ಚಿಕ್ಕ ಮಗುವಿನ ಹಾಗೆ. ಹಳದಿ ಅರೆದ ಬಟ್ಟಲು ಎಳೆದುಕೊಂಡರು. ಬಟ್ಟಲು ನನ್ನ ಕಡೆ ಹಿಡಿದು ಕೇಳಿದರು. "ಸಾಕೇನು?"

"ಇನ್ನ ಹಾಕ್ರಿ."

"ಈಗ?"

"ಇನ್ನೊಂದೀಟು."

"ನನ್ನ ಕಣ್ಣಿಗೆ ಇದು ಇಟ್ಟಂಗಿ ಬಣ್ಣ ಆಗೇದ, ಯವ್ವಾ."

"ನನ್ನ ಕಣ್ಣಿಗೆ ಈಗ ಅರಿಷಿಣ ಆಗೇದ್ರಿ."

ಎಡಗಲ್ಲ ಮುಗಿದಿತ್ತು, ಬಲಗಲ್ಲ ಇನ್ನೂ ಬಿಳಿ. ಆಗ ಗೌಡರು ಹಿರಿಯರೊಂದಿಗೆ ಒಳಗೆ ಬಂದರು. ಹಿಂದೆಯೇ ಕೊಡ ಹೊತ್ತ ಅತ್ತೆ. ಅರ್ಧ ಮುತ್ತೈದೆ, ಅರ್ಧ ವಿಧವೆಯಾಗಿ ನಿಂತ ದೇವಿ. ಪಕ್ಕದಲ್ಲಿ ಸೆರಗಿಲ್ಲದೆ ಮುಖ ತೆರೆದ ನಾನು.

"ಏನಿದು? ಹೆಣ್ಮಗಳು ಒಳಗ ಏನ್ ಮಾಡಾಕತ್ತಾಳ?" ಗೌಡರು ನನ್ನ ಕಡೆ ಬೆರಳು ಮಾಡಿದರು.

ಅತ್ತೆ ಕೊಡ ಇಳಿಸಿದವಳೇ ಕೈ ಮುಗಿದಳು. "ತಿಳೀದಕಿ ಅದಾಳ್ರೀ ಗೌಡ್ರ. ನಾ ಇಲ್ಲದಾಗ ಒಳಗ ಬಂದಾಳ. ಈಕಿ ನೆರಳು ಬಿದ್ದು ಬಣ್ಣ ಇಳದದ. ನಿನ್ನೆ ನೀವ ನೋಡೀರಲ್ರೀ, ಹೆಂಗಿತ್ತು!"

"ಹಂಗಾರ ಇಂಥಾಕಿ ಈ ಊರಾಗ ಇರಬಾರದು. ಇವತ್ತ ಮಾನ್ವಿಗೆ ಕಳಿಸಿಬಿಡ್ರಿ."

ಮಾವ ಸುಮ್ಮನಿದ್ದರೆ ಸಾಕಿತ್ತು. ಮನೆತನದ ಹೆಸರು ಉಳಿಯುತ್ತಿತ್ತು, ದೇವಿಯರು ಬರುತ್ತಿದ್ದರು. ನಾನೊಬ್ಬಳು ಗಂಟು ಹೊತ್ತು ತವರಿಗೆ ಹೋಗಿ, ದೇವಿಯ ಬಣ್ಣ ಕೆಡಿಸಿದವಳು ಅನಿಸಿಕೊಂಡು ಸಾಯುತ್ತಿದ್ದೆ. ಅತ್ತೆ ಕೆಟ್ಟವಳಲ್ಲ. ಗಂಡನ ಮಾನಕ್ಕೂ ಸೊಸೆಗೂ ತೂಕ ಹಾಕಿದಳು, ಅಷ್ಟೇ.

ಮಾವ ಎದ್ದರು. ಗೌಡರು ನಿಂತ ಕಡೆ ಅಲ್ಲ, ಸ್ವಲ್ಪ ಬದಿಗೆ, ಗೋಡೆಯ ಕಡೆ ಮುಖ ಮಾಡಿ ಮಾತಾಡಿದರು. ಅಲ್ಲಿಗೇ ಎಲ್ಲರಿಗೂ ತಿಳಿಯಿತು.

"ಗೌಡ್ರ, ನನಗ ಕಾಣಂಗಿಲ್ಲ. ನಿನ್ನೆ ನಿಮಗ ಹಳದಿ ತೋರಿಸಿದ್ದು ದೀಪ. ನನಗ ತೋರಿಸಿದ್ದು ಈ ಕೆಟ್ಟ ಕಣ್ಣು. ಈಕಿ ಒಬ್ಬಾಕಿನ ಇದ್ದದ್ದು ಇದ್ದಂಗ ಕಂಡಾಳ. ಈಕಿದೇನೂ ತಪ್ಪಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಇಷ್ಟು ದಿನ ಕುರುಡಗ ದೇವಿ ಕೊಟ್ಟಿದ್ವೇನಲೇ?" ಮಾವನ ಕಿವಿ ಕೆಂಪಗಾದವು. ಆದರೂ ಕುಳಿತರು, ಅಷ್ಟೂ ಮಂದಿಯ ಎದುರೇ ಬಲಗಲ್ಲಕ್ಕೆ ಹಚ್ಚತೊಡಗಿದರು. "ಸಾಕೇನ್ ಯವ್ವಾ?" "ಇಲ್ಲಿ ಸರಿಯಾತೇನ್ ಯವ್ವಾ?" ಗಂಡಸರ ಮುಂದೆ ಮುಖ ತೆರೆದು ನಿಂತದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಮಾವ ನನ್ನನ್ನು ಹಾಗೆ ಕೇಳಬೇಕಾಗಿ ಬಂದದ್ದಕ್ಕೆ ಆಯಿತು. ಅವರು ನಾಲ್ಕು ಸಲ ಕೇಳಿದರೆ ಒಂದು ಸಲ ಸಾಕು ಅನ್ನಲು ಬಾಯಿ ಬರುತ್ತಿತ್ತು.

ಕಣ್ಣಿನ ಬೊಂಬೆ ಇಡಲು ಅವರಿಗೆ ಬಿಡಲಿಲ್ಲ. ದಾಯಾದಿಯೊಬ್ಬನನ್ನು ಕರೆಸಿದರು. ಮಾವ ತಾವೇ ಅವನ ಕೈಗೆ ಕುಂಚ ಕೊಟ್ಟು ಹೊರಗೆ ಬಂದರು. ಆಮೇಲೆ ನಮ್ಮ ಮನೆಗೆ ಯಾವ ದೇವಿಯೂ ಬರಲಿಲ್ಲ. ರಜಾಕಾರರ ಗಲಾಟೆ ಮುಗಿದ ಮೇಲೆ ಒಂದು ಚಳಿಗಾಲದಲ್ಲಿ ಮಾವ ತೀರಿಕೊಂಡರು. ಅಷ್ಟರವರೆಗೂ ಊರ ಬಾಗಿಲಿನ ಅಗಸಿಯ ಕಟ್ಟೆಗೆ ಹೋಗಿ ನಾಲ್ಕು ಮಂದಿಯ ನಡುವೆ ಕುಳಿತವರಲ್ಲ. ಕುಡಿದಿದ್ದ ಅಂತ ಊರು ಆಮೇಲೆ ಕತೆ ಕಟ್ಟಿತು. ದೀಪದ ಬೆಳಕಿಗೆ ತಾವೂ ಮೋಸಹೋದೆವು ಅನ್ನುವುದಕ್ಕಿಂತ ಅದು ಹಗುರ. ನಾನು ಗಂಡನ ಮನೆಯಲ್ಲಿ ಬಾಳಿದೆ, ಮಕ್ಕಳನ್ನು ಹೆತ್ತೆ, ಇಲ್ಲೇ ಮುದುಕಿಯಾದೆ. ಅಷ್ಟೂ ಅವರು ಕೊಟ್ಟದ್ದು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ನನ್ನನ್ನು ಉಳಿಸಲು ಒಬ್ಬ ಮುದುಕ ಊರ ಮುಂದೆ ಬತ್ತಲಾಗಬೇಕಾಯಿತು. ಆ ನಾಚಿಕೆ ಹೋಗಿಲ್ಲ.

ದೇವಿಯನ್ನು ಒಯ್ದ ಮರುದಿನ ಬೆಳಿಗ್ಗೆ ನಾನು ಒಬ್ಬಳೇ ಗುಡಿಗೆ ಹೋಗಿದ್ದೆ. ಹೆಂಗಸರು ನನ್ನ ಸುತ್ತ ಜಾಗ ಬಿಟ್ಟು ನಿಂತರು. ಬಿಸಿಲು ಗುಡಿಯೊಳಗೆ ಬರುವ ತನಕ ಕಾಯ್ದು, ತಲೆ ಎತ್ತಿ ನೋಡಿದೆ. ಮುಖ ತುಂಬ ಅರಿಶಿನ. ಆದರೆ ಬಲಗಲ್ಲ ಎಡಗಲ್ಲಕ್ಕಿಂತ ಒಂದು ಎಳೆ ಗಾಢವಾಗಿತ್ತು. ಸಾಕು ಅನ್ನಲು ನನಗೆ ಬಾಯಿ ಬರದೆ ಇದ್ದಷ್ಟು ಹೊತ್ತಿನ ಬಣ್ಣ ಅದು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಮನೆಗೆ ಬಂದಾಗ ಮಾವ ಗೋಡೆಗೆ ಒರಗಿ ಕುಳಿತಿದ್ದರು.

"ಎರಡೂ ಗಲ್ಲ ಒಂದ ಸಮ ಅದಾವ್ರಿ ಮಾವಾ" ಅಂತ ಹೇಳಿ, ಒಲೆ ಹೊತ್ತಿಸಲು ಒಳಗೆ ಹೋದೆ.