ವಿಭಕ್ತಿ ತಪ್ಪಿದ ಹಸು

ಹೊರಮಾವಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ಒಂದು ಕೊಟ್ಟಿಗೆ ಇದೆ. ಅದರಲ್ಲಿ ಇರುವುದು ಒಂದೇ ಹಸು. ಅದರ ಒಡತಿಯನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತೇನೆ. ನಾವು ಮಲಗುವ ಕೋಣೆಯೂ ಕಾರು ನಿಲ್ಲಿಸುವ ನೆಲಮಾಳಿಗೆಯೂ ಒಂದು ಕಾಲಕ್ಕೆ ಅವರ ಮಾವನವರ ರಾಗಿ ಹೊಲವಾಗಿದ್ದವು. ಹೊಲ ಹೋಗಿ, ಅದರ ದುಡ್ಡಿನಲ್ಲಿ ಕಟ್ಟಿಸಿದ ಮನೆಗಳ ಬಾಡಿಗೆ ಬಂದಿತು. ಹಸು ಮಾತ್ರ ಹಸುವಾಗಿಯೇ ಉಳಿಯಿತು. ಮಾರದೆ ಉಳಿಸಿಕೊಂಡ ತುಂಡು ನೆಲದಲ್ಲಿ ಅವರು ಸೀಮೆಹುಲ್ಲು ಬೆಳೆಯುತ್ತಾರೆ, ಅದನ್ನು ಮಚ್ಚಿನಿಂದ ಕೊಚ್ಚಿ ಹಾಕುತ್ತಾರೆ, ನಮ್ಮ ಮಹಡಿಯವರಿಗೆಲ್ಲ ಹಾಲು ಕೊಡುತ್ತಾರೆ. ಹಾಲಿಗೆ ನೀರು ಬೆರೆಸುವುದಿಲ್ಲ, ಮಾತಿಗೂ ಬೆರೆಸುವುದಿಲ್ಲ.

ಕಳೆದ ಚಳಿಗಾಲದಲ್ಲಿ ದೊಡ್ಡಮ್ಮನ ಬಲಭುಜ ಹಿಡಿದುಕೊಂಡಿತು. ಹುಲ್ಲು ಕೊಚ್ಚುವುದನ್ನು ನಿಲ್ಲಿಸದಿದ್ದರೆ ಕೈ ಮೇಲಕ್ಕೇಳುವುದೇ ನಿಂತೀತೆಂದು ಡಾಕ್ಟರು ಹೇಳಿದರು. ಹಾಗಾದರೆ ಹಸುವನ್ನು ಮಾಲೂರಿನ ನೆಂಟರಿಗೆ ಕೊಟ್ಟುಬಿಡೋಣ ಎಂದು ಮಗ ಹೇಳಿದ. ನೆಂಟರು ಒಂದು ಭಾನುವಾರ ಬಂದರು, ಹಸುವಿನ ಹಲ್ಲು ನೋಡಿದರು, ಯುಗಾದಿ ಕಳೆದ ಮೇಲೆ ಟೆಂಪೋ ತರುತ್ತೇವೆಂದು ಹೇಳಿ ಹೋದರು. ದೊಡ್ಡಮ್ಮ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆದರೆ ಅಂದಿನಿಂದ ಹಸುವಿನ ಮೈ ತೊಳೆಯುವಾಗ ಬಹಳ ಹೊತ್ತು ತೆಗೆದುಕೊಳ್ಳತೊಡಗಿದರು.

ಆಗ ತಿಳಿದುಬಂದದ್ದು ಮೇವು ಕತ್ತರಿಸುವ ಯಂತ್ರದ ಸಂಗತಿ. ಹಸು ಸಾಕಿದವರಿಗೆ ಆ ಯಂತ್ರದ ಅರ್ಧ ಬೆಲೆಯನ್ನು ರಾಜ್ಯ ಸರ್ಕಾರವೇ ಸಹಾಯಧನವಾಗಿ ಕೊಡುತ್ತದೆ. ದೊಡ್ಡಮ್ಮ ಅರ್ಜಿ ಹಾಕಿದರು. ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಗೋಡೆಯ ಮೇಲಿಂದ ಬಾಗಿ, ಬಾಡಿಗೆ ಬರುವವರಿಗೆ ಸರ್ಕಾರದ ದುಡ್ಡೇಕೆಂದು ಕೇಳಿದರು.

"ಬಾಡಿಗೆ ಬಂದು ಹುಲ್ಲು ಕೊಚ್ತದೇನಪ್ಪ? ಕೊಚ್ಚೋದಾದ್ರೆ ಹೇಳು, ಇವತ್ತೇ ಮಚ್ಚು ಕೊಡ್ತೀನಿ" ಎಂದರು ದೊಡ್ಡಮ್ಮ. ಅಧ್ಯಕ್ಷರು ತಲೆಯನ್ನು ಒಳಕ್ಕೆಳೆದುಕೊಂಡರು.

ತೊಡಕಿದ್ದದ್ದು ಬೇರೆ ಕಡೆ. ನಮ್ಮ ಭಾಗಕ್ಕೆ ಆ ಸಾಲಿನ ಅನುದಾನದಲ್ಲಿ ಬಂದಿದ್ದ ಯಂತ್ರಗಳು ಕೆಲವೇ. ಮಾರ್ಚ್ ತಿಂಗಳು ಮುಗಿಯುವುದರೊಳಗೆ ಪಶುಪಾಲನಾ ಇಲಾಖೆಯವರು ತನಿಖೆಗೆ ಬಂದು ಹಸುವನ್ನು ಕಣ್ಣಾರೆ ಕಂಡು ಫೋಟೊ ಹಿಡಿಯದಿದ್ದರೆ, ಯಂತ್ರ ಮುಂದಿನ ಅರ್ಜಿದಾರರ ಪಾಲಾಗುತ್ತಿತ್ತು.

ತನಿಖೆಯ ದಿನ ನಾನು ಹಲಸೂರಿಗೆ ಹೋಗಿದ್ದೆ. ಅಲ್ಲಿನ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದವಳು ನಾನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ, ಆಟದಲ್ಲಿ ಇಂಗ್ಲಿಷ್ ಆಡುವ ಮಕ್ಕಳಿಗೆ ವಿಭಕ್ತಿ ಪ್ರತ್ಯಯಗಳನ್ನು ಕಂಠಪಾಠ ಮಾಡಿಸಿದ್ದೇನೆ. ಪ್ರತ್ಯಯವಿಲ್ಲದ ಪದ ದಾರಿ ಕೇಳದೆ ಹೊರಟ ಪ್ರಯಾಣಿಕನಂತೆ ಎಂದು ಹೇಳುತ್ತಿದ್ದೆ. ಅಂದು ನಿವೃತ್ತಳಾಗುತ್ತಿದ್ದ ಗೆಳತಿಯೊಬ್ಬಳಿಗೆ ಹಾರ ಹಾಕಿ ಮಧ್ಯಾಹ್ನ ಮನೆಗೆ ಮರಳಿದಾಗ, ದೊಡ್ಡಮ್ಮ ಕೊಟ್ಟಿಗೆಯ ಮುಂದೆ ತೃಪ್ತರಾಗಿ ಕುಳಿತಿದ್ದರು.

ತನಿಖೆಗೆ ಬಂದಿದ್ದ ಹುಡುಗ ಕಲಬುರಗಿ ಕಡೆಯವನಂತೆ, ಬಹಳ ಮರ್ಯಾದಸ್ಥನಂತೆ. ಹಸು ಎಲ್ಲಿ ಎಂದು ಕೇಳಿದನಂತೆ. ಅದು ದಿನವೂ ಹಾಲು ಕರೆದ ಮೇಲೆ ತಿರುಗಾಡಿ ಬರಲು ಹೋಗುತ್ತದೆ. ಆದ್ದರಿಂದ ಇವರು, ಬೆಳಗ್ಗೇನೇ ಹೋಗ್ಬಿಡ್ತು ಎಂದರಂತೆ. ಅನಂತರ ಆತ ಓಲೆಯ ವಿಚಾರ ಎತ್ತಿದನಂತೆ. ದೊಡ್ಡಮ್ಮನ ಕಿವಿಯ ತೂತಿನಲ್ಲಿ ಆಗ ಇದ್ದದ್ದು ಪೊರಕೆಕಡ್ಡಿ. ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದೇನೆಂದು ಹೇಳಿದರಂತೆ.

"ನನ್ ಸೊಸೇನೇ ಒಂದಿನ ಓಲೆ ಎಲ್ಲತ್ತೆ ಅಂತ ಕೇಳಿಲ್ಲ ಟೀಚರಮ್ಮ. ಆ ಹುಡುಗ ನೋಡಿ, ಅಷ್ಟು ದೂರದವನು, ಮುಖ ಸಪ್ಪಗೆ ಮಾಡ್ಕೊಂಡು, ಆಗೋದು ಆಯ್ತು, ಮನಸಿಗಿ ಹಚ್ಚಗೋಬ್ಯಾಡ್ರಿ ಅಂದ."

ಪಶುವೈದ್ಯರು ದನಗಳ ಕಿವಿಗೆ ಚುಚ್ಚುವ ಹಳದಿ ಪ್ಲಾಸ್ಟಿಕ್ ಬಿಲ್ಲೆಗೆ ಕಿವಿಯೋಲೆ ಎಂದು ಹೆಸರು, ಯಕಾರಾಗಮ ಸಂಧಿ. ಆ ಹುಡುಗ ಕೇಳಿದ್ದು ಅದನ್ನು. ಹಸು ಹೋಗಿಬಿಟ್ಟಿತು, ಅದರ ಓಲೆ ಬಿಚ್ಚಿ ಬೀರುವಿನಲ್ಲಿದೆ: ಇಷ್ಟನ್ನು ಕೇಳಿದ ಯಾರಾದರೂ ಏನೆಂದು ಬರೆದುಕೊಳ್ಳುತ್ತಾರೆ? ಎಲ್ಲಿಗೆ ಎಂಬ ಚತುರ್ಥಿ ಇಲ್ಲ, ಯಾರ ಎಂಬ ಷಷ್ಠಿ ಇಲ್ಲ. ಎರಡು ವಿಭಕ್ತಿಗಳು ಬಿಟ್ಟುಹೋದ ಕಾರಣದಿಂದ ಒಂದು ಹಸು ಸತ್ತಿತ್ತು.

ಆತ ಬಿಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿದೆ. ಹುಡುಗ ಕೆ.ಆರ್. ಪುರದಲ್ಲಿದ್ದ. ಅಮ್ಮನವರೇ ಖುದ್ದಾಗಿ ಹೇಳಿದ್ದಾರೆ, ಆಕಳು ಹೋಗಿದೆ, ತಾನು ಹಾಗೆಯೇ ನಮೂದಿಸಿದ್ದೇನೆ ಎಂದ.

"ಎಲ್ಲಿಗೆ ಹೋಯಿತೆಂದು ಕೇಳಿದಿರಾ?"

"ಸತ್ತ ಮ್ಯಾಲ ಎಲ್ಲಿಗಿ ಹೋತು ಅಂತ ಹ್ಯಾಂಗ ಕೇಳ್ಲಿ ಮೇಡಂ?"

"ಬಾಣಸವಾಡಿಗೆ" ಎಂದೆ.

ಪಟ್ಟಿ ಸಂಜೆಗೆ ಮೇಲಕ್ಕೆ ಹೋಗುವುದಿತ್ತು. ಅಷ್ಟರೊಳಗೆ ಹಸುವನ್ನು ಜೀವಸಹಿತ ತೋರಿಸಿದರೆ ನಮೂದನ್ನು ತಿದ್ದಬಹುದು ಎಂದ. ಆತನ ಬಾಡಿಗೆ ಕೋಣೆ ಬಾಣಸವಾಡಿಯಲ್ಲೇ ಇತ್ತು. ಕೂಡಲೇ ಸ್ಕೂಟರಿನಲ್ಲಿ ಹೊರಟ. ದೊಡ್ಡಮ್ಮನಿಗೆ ಮಂಡಿನೋವು. ಆದ್ದರಿಂದ ಹುಡುಕಲು ನಾನು ಆಟೊ ಹತ್ತಿದೆ.

ಹಸು ರೈಲ್ವೆ ಸ್ಟೇಷನ್ನಿನ ಹತ್ತಿರದ ತರಕಾರಿ ಅಂಗಡಿಯ ಮುಂದೆ, ರಸ್ತೆಯ ಅರ್ಧಭಾಗವನ್ನು ಆಕ್ರಮಿಸಿ ಮಲಗಿ, ಹೂಕೋಸಿನ ಎಲೆ ಮೆಲುಕು ಹಾಕುತ್ತಿತ್ತು. ಎಡಗಿವಿಯಲ್ಲಿ ಕೊಳೆ ಮೆತ್ತಿದ ಬಿಲ್ಲೆ ಭದ್ರವಾಗಿತ್ತು. ಹುಡುಗ ಬಂದವನೇ ಕರ್ಚೀಫಿನಿಂದ ಅದನ್ನು ಒರೆಸಿ ಸಂಖ್ಯೆ ಓದಿದ, ಎರಡನೆಯ ಸಲ ಓದಿದ, ಆಮೇಲೆ ಹಸುವಿಗೆ ಕೈಮುಗಿದ. ಬೆಳಿಗ್ಗೆ ನಡೆದ ಸಂಭಾಷಣೆಯನ್ನು ವಿವರಿಸಿದಾಗ ಸ್ಕೂಟರಿನ ಮೇಲೆ ಕುಳಿತೇ ನಕ್ಕ.

"ಬೀರುದಾಗ ಯಾಕ ಇಟ್ಟಾರ, ಆಫೀಸಿಗಿ ವಾಪಸ್ ಕೊಡ್ಬೇಕಲ್ಲ ಅಂತ ನಾನೂ ಇಚಾರ ಮಾಡ್ದೆ ಮೇಡಂ. ಪ್ರೀತಿ ಇತ್ತು, ನೆನಪಿಗಿ ಇಟ್ಕೊಂಡಾರ ಅನ್ಕೊಂಡೆ."

ಆದರೆ ಫೋಟೊವನ್ನು ಅಲ್ಲಿಯೇ ಹಿಡಿಯುವಂತಿರಲಿಲ್ಲ. ಹಸು, ಒಡತಿ, ಕೊಟ್ಟಿಗೆ ಮೂರೂ ಒಂದೇ ಚಿತ್ರದಲ್ಲಿರಬೇಕು. ಬೇರೆ ಸ್ಥಳವಾದರೆ ಫೋನಿನಲ್ಲಿನ ಆ್ಯಪ್ ಒಪ್ಪುವುದಿಲ್ಲ. ಹಸುವನ್ನು ಎಬ್ಬಿಸಲು ಹುಡುಗ ಏಳವ್ವಾ, ನಮ್ಮವ್ವಾ ಎಂದು ಕಲಬುರಗಿಯ ಕನ್ನಡದಲ್ಲಿ ಬೇಡಿಕೊಂಡ. ನಾನು ದಯವಿಟ್ಟು ಏಳು ಎಂದೆ. ಕನ್ನಡದ ಎರಡು ಪ್ರಭೇದಗಳೂ ಫಲ ಕೊಡಲಿಲ್ಲ. ತರಕಾರಿಯಾತ ತಾನೂ ತಮಿಳಿನಲ್ಲಿ ಪ್ರಯತ್ನಿಸಿ ಸೋತು, ಇದು ದಿನಾ ಹೀಗೇ, ಸೂರ್ಯ ಇಳಿಯದೆ ಏಳುವುದಿಲ್ಲವೆಂದು ಅಭಯವಿತ್ತ.

ಕಡೆಗೆ ದೊಡ್ಡಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಹಸುವಿನ ಕಿವಿಯ ಬಳಿ ಹಿಡಿದೆ. ಅವರ ಮನೆಮಾತು ತೆಲುಗು. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ; ಹಸುವಿನ ತಾಯಿ, ಅಜ್ಜಿಯರ ಪ್ರಸ್ತಾಪವೂ ಬಂದಿತು. ಹಸು ಮೆಲುಕು ನಿಲ್ಲಿಸಿತು, ಎದ್ದು ನಿಂತಿತು, ನಮ್ಮಿಬ್ಬರನ್ನೂ ಗಮನಿಸದೆ ಹೊರಮಾವಿನ ಕಡೆಗೆ ಹೆಜ್ಜೆ ಹಾಕಿತು. ಅದರ ಹಿಂದೆ ನಾನು, ನನ್ನ ಹಿಂದೆ ಸ್ಕೂಟರ್, ಸ್ಕೂಟರಿನ ಹಿಂದೆ ಹಾರ್ನ್ ಬಾರಿಸುವ ಒಂದು ಶಾಲಾ ಬಸ್ಸು. ಸಿಟ್ಟಿನಿಂದ ಇಣುಕಿದ ಚಾಲಕನಿಗೆ, ಸರ್ಕಾರಿ ಕೆಲಸ ಇದು ಎಂದು ಹುಡುಗ ಗಂಭೀರವಾಗಿ ಹೇಳಿದ. ಸುಳ್ಳೇನಲ್ಲ.

ಬೆಳಕು ಮಾಸುವ ಮುನ್ನ ಮನೆ ತಲುಪಿದೆವು. ಫೋಟೊ ಹಿಡಿಯುವಾಗ ಹುಡುಗ, ಸ್ವಲ್ಪ ನಗ್ರೀ ಅಮ್ಮಾ ಎಂದ. ದೊಡ್ಡಮ್ಮ, ನಾನು ನಕ್ಕರೆ ಹಸು ಬದುಕಿದೆಯೆಂದು ನಿಮ್ಮ ಸಾಹೇಬರು ನಂಬುತ್ತಾರೆಯೇ ಎಂದು ಕೇಳಿದರು. ಸತ್ತಿದೆ ಎಂಬ ನಮೂದು ಅವರಿಗೆ ಬಹಳ ನೋವು ತಂದಿತ್ತು. ಅಷ್ಟಾದರೂ ಆತನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟರು. ಸತ್ತ ಹಸುವಿನ ಹಾಲು, ಕುಡೀ ಎಂದರು. ಆತ ಕುಡಿದ.

ಮಂಜೂರಾದ ಸುದ್ದಿ ನನ್ನ ಫೋನಿಗೆ ಬಂದಿತು, ಅರ್ಜಿಯಲ್ಲಿ ಕೊಟ್ಟದ್ದು ನನ್ನ ನಂಬರಾದ್ದರಿಂದ. ಗೋಡೆಯ ಬಳಿ ನಿಂತು ಓದಿ ಹೇಳಿದೆ. ದೊಡ್ಡಮ್ಮ ಇನ್ನೊಮ್ಮೆ ಓದಿಸಿದರು. ಬಲಗೈಯಲ್ಲಿದ್ದ ಮಚ್ಚನ್ನು ಎಡಗೈಗೆ ಬದಲಿಸಿಕೊಂಡು, ಭುಜವನ್ನು ನಿಧಾನವಾಗಿ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಫೋನಿನಿಂದಲೇ ಮಾಲೂರಿಗೆ ಮಾತನಾಡಿದರು.

"ಟೆಂಪೋ ಬೇಡ. ಬಸ್ಸಲ್ಲಿ ಬನ್ನಿ, ಊಟ ಮಾಡ್ಕೊಂಡು ಹೋಗಿ."

ಅತ್ತ ಕಡೆಯವರು ಏನೋ ಹೇಳುತ್ತಲೇ ಇದ್ದರು. ದೊಡ್ಡಮ್ಮ ಫೋನನ್ನು ನನ್ನ ಕೈಗಿತ್ತು, ಯಂತ್ರಕ್ಕೆ ಜಾಗವಾಗುವಂತೆ ಗೂಟ ಕಿತ್ತು ಆಚೆಗೆ ನೆಡಬೇಕೆಂದು ಮಗನನ್ನು ಕೂಗುತ್ತಾ ಒಳಗೆ ಹೋದರು.